ಬ್ರೈಟ್‌ಹಾರ್ನ್ ಮತ್ತು ಉಬ್ಬಿದ ಚಿಪ್ಸ್ ಪೊಟ್ಟಣ

ಆಲ್ಪ್ಸ್‌ನಲ್ಲಿ ನಾಲ್ಕು ಸಾವಿರ ಮೀಟರಿಗೂ ಎತ್ತರವಿರುವ ಶಿಖರಗಳ ಪೈಕಿ ಏರಲು ಅತಿ ಸುಲಭವಾದವುಗಳಲ್ಲಿ ಒಂದೆಂದು ಬ್ರೈಟ್‌ಹಾರ್ನ್‌ಗೆ ಹೆಸರಿದೆ. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಗಡಿಯಲ್ಲಿರುವ, 4164 ಮೀಟರ್ ಎತ್ತರದ ಈ ಶಿಖರವನ್ನು 1813ರಲ್ಲಿ ಮೊದಲು ಏರಿದವರು ಕಣಿವೆಯಿಂದಲೇ ನಡೆದು ಬರಬೇಕಾಗಿತ್ತು; ಈಗ ಜರ್ಮಾಟ್ ಊರಿನಲ್ಲಿ ಕೇಬಲ್ ಕಾರ್ ಹತ್ತಿದವರನ್ನು ಅದು ಒಂದು ಗಂಟೆಯೊಳಗೆ 3883 ಮೀಟರಿನಲ್ಲಿ ಇಳಿಸುತ್ತದೆ. ಉಳಿಯುವುದು ಮುನ್ನೂರು ಮೀಟರಿಗೂ ಕಡಿಮೆ ಏರು. ಕೊಡಚಾದ್ರಿಯನ್ನು ಮಳೆಗಾಲದಲ್ಲೂ ಹತ್ತಿಳಿದ ನನಗೆ ಇದೊಂದು ಲೆಕ್ಕವೇ ಅಲ್ಲ ಎನಿಸಿತ್ತು.

ಮೇಲಿನ ನಿಲ್ದಾಣದಲ್ಲಿ ಚೀಲ ಬಿಚ್ಚಿದಾಗ, ಉಡುಪಿಯ ರಥಬೀದಿಯಲ್ಲಿ ಕೊಂಡಿದ್ದ ಹಲಸಿನಕಾಯಿ ಚಿಪ್ಸ್‌ನ ಪೊಟ್ಟಣ ದಿಂಬಿನ ಹಾಗೆ ಉಬ್ಬಿಕೊಂಡಿತ್ತು. ಒಳಗಿದ್ದದ್ದು ಕಡಲತಡಿಯ ಗಾಳಿ. ಹೊರಗಿನ ಒತ್ತಡವೋ ಅದರ ಮೂರನೇ ಎರಡು ಪಾಲಿಗಿಂತಲೂ ಕಡಿಮೆ. ನಗುತ್ತಾ ಫೋಟೋ ತೆಗೆದೆನೇ ಹೊರತು, ನಾನು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲೂ ಆಮ್ಲಜನಕ ಅಷ್ಟೇ ಇಳಿದಿರುತ್ತದೆ ಎಂಬುದು ಹೊಳೆಯಲಿಲ್ಲ. ಹಿಂದಿನ ಸಂಜೆಯಷ್ಟೇ ನಾನು ಜರ್ಮಾಟ್ ತಲುಪಿದ್ದೆ.

ಮೊದಲಿಗೆ ಸಿಗುವುದು ಗದ್ದೆಯಂತೆ ಸಮತಟ್ಟಾದ ಹಿಮನದಿ. ಆದರೂ ಅಲ್ಲಿ ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡೇ ನಡೆಯಬೇಕು, ಏಕೆಂದರೆ ಹಿಮದ ತೆಳು ಹೊದಿಕೆಯಡಿಯಲ್ಲಿ ಆಳವಾದ ಬಿರುಕುಗಳಿರುತ್ತವೆ. ಅದು ಮುಗಿದು ಏರು ಶುರುವಾದ ಮೇಲೆ ನನ್ನ ಹಣೆಯ ಎರಡೂ ಬದಿ ಸಿಡಿಯತೊಡಗಿತು. ಬೂಟಿಗೆ ಬಿಗಿದ ಕ್ರ್ಯಾಂಪಾನ್‌ನ ಉಕ್ಕಿನ ಮುಳ್ಳು ಎರಡು ಬಾರಿ ನನ್ನದೇ ಪ್ಯಾಂಟಿಗೆ ಸಿಕ್ಕಿಕೊಂಡಿತು. ಮಾರ್ಗದರ್ಶಕರು ನನ್ನ ಮುಖವನ್ನು ಒಂದು ಕ್ಷಣ ನೋಡಿ, ಹಗ್ಗವನ್ನು ತಿರುಗಿಸಿ, ಇಳಿಯೋಣ ಎಂದರು. ಶಿಖರ ಕಣ್ಣೆದುರಿಗೇ ಇತ್ತು. ಸಿಟ್ಟು ಬಂದದ್ದು ನಿಜ, ಆದರೆ ವಾದಿಸುವಷ್ಟು ಉಸಿರು ಇರಲಿಲ್ಲ.

ಮೈ ತೆಳು ಗಾಳಿಗೆ ಒಗ್ಗಿಕೊಳ್ಳಲೆಂದು ಮರುದಿನ 3089 ಮೀಟರ್ ಎತ್ತರದ ಗೋರ್ನರ್‌ಗ್ರಾಟ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲೇ ಸುಮ್ಮನೆ ಅಡ್ಡಾಡಿ, ರಾತ್ರಿ ಕೆಳಗಿಳಿದು ಮಲಗಿದೆ. ಅದರ ಮರುದಿನವೂ ಅದೇ ಕಾರ್ಯಕ್ರಮ. ನಾಲ್ಕನೆಯ ದಿನ ಬೆಳಿಗ್ಗೆ, ಬಿಸಿಲಿಗೆ ಹಿಮ ಮೆತ್ತಗಾಗುವ ಮೊದಲೇ, ಎಂಟು ಹೆಜ್ಜೆಗೊಮ್ಮೆ ನಿಲ್ಲುತ್ತಾ ಶಿಖರ ಮುಟ್ಟಿದೆವು. ಪಶ್ಚಿಮಕ್ಕೆ ಮ್ಯಾಟರ್‌ಹಾರ್ನ್, ಪೂರ್ವಕ್ಕೆ ಮಾಂಟೆ ರೋಸಾ. ಕಾಲಡಿಯಲ್ಲಿ ಮಾತ್ರ ಕಿರಿದಾದ ಹಿಮದ ಏಣು, ಹಾಗಾಗಿ ನೋಡಿದ್ದಕ್ಕಿಂತ ಹೆಜ್ಜೆ ಎಣಿಸಿದ್ದೇ ಹೆಚ್ಚು.

ಪೊಟ್ಟಣವನ್ನು ಅಲ್ಲಿಯೇ ಒಡೆದೆ. ಮಾರ್ಗದರ್ಶಕರು ಒಂದು ಚಿಪ್ಸ್ ಬಾಯಿಗೆ ಹಾಕಿಕೊಂಡು, ಇದು ಯಾವ ಆಲೂಗಡ್ಡೆ ಎಂದು ಕೇಳಿದರು.