ಅರ್ಧ ಆರ್ಕೆಸ್ಟ್ರಾ

ಸ್ಯಾನ್ ಹೋಸೆಯಲ್ಲಿ ನಮ್ಮ ಹಿಂದಿನ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಎರಡು ಡಾಲರಿಗೆ ಒಂದು ಎಲ್‌ಪಿ ರೆಕಾರ್ಡ್ ಸಿಕ್ಕಿತು. ಮೆಕ್ಸಿಕೋದ ಸಂಗೀತಗಾರ ಹುವಾನ್ ಗಾರ್ಸಿಯಾ ಎಸ್ಕಿವೆಲ್ ಅವರ 'ಲ್ಯಾಟಿನ್-ಎಸ್ಕ್', 1962ರದು. ಹವಾಯಿಯ ಮಾರ್ಟಿನ್ ಡೆನ್ನಿಯ ಸಂಗೀತದ ಹುಚ್ಚು ನನಗೆ ಮೊದಲೇ ಹತ್ತಿತ್ತು. ಹೊನೊಲುಲುವಿನ ಶೆಲ್ ಬಾರ್‌ನಲ್ಲಿ ಅವರು ನುಡಿಸುವಾಗ ಪಕ್ಕದ ಕೊಳದ ಕಪ್ಪೆಗಳೂ ವಟಗುಟ್ಟುತ್ತಿದ್ದವಂತೆ. ವಾದ್ಯದವರು ತಮಾಷೆಗೆ ಹಕ್ಕಿಗಳ ಹಾಗೆ ಕೂಗಿದರು, ಆಮೇಲೆ ಅದೇ ಅವರ ಗುರುತಾಯಿತು. ಕಪ್ಪೆಗೇ ತಲೆದೂಗಿದವನು ನಾನು, ಇದು ಯಾವ ಲೆಕ್ಕ?

ಶನಿವಾರ ಸಂಜೆ ಮುಳ್ಳು ಇಟ್ಟೆ. ಏನೋ ಜೋರಾಗಿ ಶುರುವಾಯಿತು, ಥಟ್ಟನೆ ನಿಂತಿತು. ಡ್ರಮ್ ಒಂದೇ ಯಾರಿಗೋ ಕಾಯುವ ಹಾಗೆ ಬಡಿದುಕೊಳ್ಳುತ್ತಿತ್ತು. ಮತ್ತೆ ಒಂದು ಚೂರು ರಾಗ, ಮತ್ತೆ ಖಾಲಿ. ನನಗೆ ರೋಮಾಂಚನ.

"ಕೇಳೇ, ಈ ಮೌನ ಕೇಳು. ಆ ಕಾಲಕ್ಕೆ ಎಂಥ ಧೈರ್ಯ!"

ಬಟ್ಟೆ ಮಡಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಯಾರೋ ಫೋನಲ್ಲಿ ಮಾತಾಡೋದನ್ನ ಕೇಳಿದ ಹಾಗಿದೆ. ಈ ಕಡೇದು ಮಾತ್ರ ಕೇಳ್ಸುತ್ತೆ."

ಸಂಗೀತ ಗೊತ್ತಿಲ್ಲದವರ ಮಾತು ಅಂತ ಬಿಟ್ಟೆ. ಇನ್ನೂ ಹತ್ತು ನಿಮಿಷ ಮೌನದ ಬಗ್ಗೆ ಭಾಷಣ ಬಿಗಿದೆ. ಅಷ್ಟರಲ್ಲಿ ಅವಳು ಸೋಫಾದ ಹಿಂದೆ ಬಿದ್ದ ಕಾಲುಚೀಲಕ್ಕೆ ಬಗ್ಗಿದಳು. "ರೀ, ಇಲ್ಲೊಂದು ವೈರ್ ಕಿತ್ತು ಬಂದಿದೆ ನೋಡಿ."

ಎಡಗಡೆ ಸ್ಪೀಕರ್‌ದು. ಬೆಳಿಗ್ಗೆ ವ್ಯಾಕ್ಯೂಮ್ ಹಾಕಿದವನು ನಾನೇ.

ಈ ರೆಕಾರ್ಡಿನ ವಿಷಯದಲ್ಲಿ ಇದು ಸಣ್ಣ ತಪ್ಪಲ್ಲ. ಎಡ ಬಲ ಸ್ಪೀಕರುಗಳಲ್ಲಿ ಬೇರೆ ಬೇರೆ ಸದ್ದು ಬರುವ ಸ್ಟೀರಿಯೋ ಆಗಿನ್ನೂ ಹೊಸದು. ಅದರ ಮಜಾ ತೋರಿಸೋಕೆ ಆರ್‌ಸಿಎ ಕಂಪನಿಯವರು ಎಸ್ಕಿವೆಲ್ ಆರ್ಕೆಸ್ಟ್ರಾವನ್ನು ಎರಡು ಪಾಲು ಮಾಡಿ, ದೂರ ದೂರದ ಎರಡು ಸ್ಟುಡಿಯೋಗಳಲ್ಲಿ ಕೂರಿಸಿದ್ದರು. ಒಂದು ಪಾಲಿಗೆ ಇನ್ನೊಂದು ಕೇಳುತ್ತಿದ್ದದ್ದು ಹೆಡ್‌ಫೋನಿನಲ್ಲಿ ಮಾತ್ರ. ಇವರ ಸದ್ದು ಅವರ ಮೈಕಿಗೆ ಸೋರಬಾರದು ಅಂತ. ನಾನು ತಲೆದೂಗಿದ ಮೌನದಲ್ಲಿ ಅರ್ಧ ಆರ್ಕೆಸ್ಟ್ರಾ ಬೆವರು ಸುರಿಸಿ ನುಡಿಸುತ್ತಿತ್ತು!

ವೈರ್ ಸಿಕ್ಕಿಸಿ ಮೊದಲಿಂದ ಹಾಕಿದೆ. ಸದ್ದು ಎಡಗೋಡೆಯಿಂದ ಬಲಗೋಡೆಗೆ ಜಾರಿಕೊಂಡು ಹೋಯಿತು, ಆ ಕಡೆಯಿಂದ ಉತ್ತರ ಬಂತು. ನಾನು ಬಾಯಿ ಬಿಡಲಿಲ್ಲ.

"ಹೂಂ, ಈಗ ಆ ಕಡೆಯವರೂ ಫೋನ್ ಎತ್ತಿದ್ರು" ಎಂದು ಅವಳು ಕಾಲುಚೀಲ ಹಿಡಿದು ಒಳಗೆ ಹೋದಳು.