ಏಳು ಕುರಿಗಳ ಲೆಕ್ಕ

ಮೊದಲು ಕೇಳಿಸಿದ್ದು ಕಲ್ಲು ಉರುಳಿದ ಸದ್ದು. ಬೈನಾಕ್ಯುಲರ್ ಹಿಡಿದು ಎದುರಿನ ಗುಡ್ಡವನ್ನೆಲ್ಲ ಜಾಲಾಡಿದರೂ ಏನೂ ಕಾಣಲಿಲ್ಲ. ಬಂಡೆಗೂ ಕುರಿಗೂ ಒಂದೇ ಬಣ್ಣ. ಪಕ್ಕದಲ್ಲಿದ್ದ, ಎಪ್ಪತ್ತು ದಾಟಿದ ನಿವೃತ್ತ ಶಿಕ್ಷಕಿ ಪಿಸುದನಿಯಲ್ಲಿ ಹೇಳಿಕೊಟ್ಟರು: ಕುರಿಯನ್ನು ಹುಡುಕಬೇಡ, ಅದರ ಬಿಳಿಯ ಹಿಂಭಾಗವನ್ನು ಹುಡುಕು. ಒಂದು ಸಿಕ್ಕಿತು, ಮತ್ತೊಂದು, ನೋಡನೋಡುತ್ತ ಏಳು.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ನಮ್ಮ ಮನೆಯಿಂದ ಆಂಜಾ-ಬೊರೆಗೊ ಮರುಭೂಮಿಗೆ ಎರಡು ಗಂಟೆಯ ದಾರಿ. ಬೊರೆಗೊ ಎಂದರೆ ಸ್ಪ್ಯಾನಿಷ್‌ನಲ್ಲಿ ಕುರಿ. ಇಲ್ಲಿನ ಬಿಗ್‌ಹಾರ್ನ್ ಕಾಡುಕುರಿಗಳನ್ನು 1971ರಿಂದ ಸ್ವಯಂಸೇವಕರು ಬೇಸಿಗೆಯಲ್ಲಿ ಎಣಿಸುತ್ತ ಬಂದಿದ್ದಾರೆ. 45 ಡಿಗ್ರಿ ಮುಟ್ಟುವ ಜುಲೈಯೇ ಏಕೆ ಎಂದು ಎಲ್ಲರೂ ಕೇಳುತ್ತಾರೆ. ಮೇವು ಹಸಿರಾಗಿದ್ದಾಗ ಅದರಲ್ಲೇ ನೀರು ಸಿಗುತ್ತದೆ, ಕುರಿಗಳು ಬೆಟ್ಟದ ತುಂಬ ಚದುರಿರುತ್ತವೆ. ಮೇವು ಒಣಗಿದ ಮೇಲೆ ಕೆಲವು ದಿನಗಳಿಗೊಮ್ಮೆಯಾದರೂ ಒರತೆಗೆ ಇಳಿಯಲೇಬೇಕು. ಅಲ್ಲಿ ನಾವು ಮೂರು ದಿನ ಕಾದು ಕೂರುತ್ತೇವೆ.

ಚಳ್ಳಕೆರೆ ಕಡೆಯ ನಮ್ಮ ಅಜ್ಜ ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಜೋಡಿ ಜೋಡಿಯಾಗಿ ಮಂದೆಯನ್ನು ಎಣಿಸುತ್ತಿದ್ದರು. ಒಂದು ಕಡಿಮೆಯಾದರೆ ಯಾವುದೆಂದು ಮುಖ ನೆನೆದೇ ಹೇಳುತ್ತಿದ್ದರು. ಸಾಕುಕುರಿಗಳಿಂದ ಹರಡುವ ನ್ಯುಮೋನಿಯಾ ಈ ಕಾಡುಕುರಿಗಳ ಪ್ರಾಣ ತೆಗೆಯುತ್ತದೆ ಎಂದು ಇಲ್ಲಿಗೆ ಬಂದ ಮೇಲೆ ತಿಳಿದಾಗ, ಮಂದೆಯ ಮನೆಯಲ್ಲಿ ಬೆಳೆದ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. 1990ರ ದಶಕದ ನಡುವಿನಲ್ಲಿ ಅಮೆರಿಕದ ಗಡಿಯೊಳಗೆ ಪೆನಿನ್ಸುಲಾರ್ ಎಂಬ ಈ ಬಗೆಯ ಬಿಗ್‌ಹಾರ್ನ್ ಕುರಿಗಳು ಉಳಿದಿದ್ದದ್ದು ಸುಮಾರು 280 ಮಾತ್ರ. 1998ರಲ್ಲಿ ಅವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಆಮೇಲೆ ಸಂಖ್ಯೆ ಏರಿದೆ.

ಏಳರಲ್ಲಿ ನಾಲ್ಕು ಹೆಣ್ಣು, ಎರಡು ಮರಿ. ಏಳನೆಯದರ ಬಗ್ಗೆ ನಮ್ಮಿಬ್ಬರಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ಹೆಣ್ಣಿಗೂ ಕೊಂಬಿರುತ್ತದೆ, ಆದರೆ ತೆಳು. ಇದರದು ಬುಡದಲ್ಲಿ ದಪ್ಪ. ಎಳೆಯ ಟಗರು ಎಂದು ಬರೆದೆವು. ಒಂದು ಮರಿ ಮುಂಗಾಲು ಮಡಿಸಿ ತಾಯಿಯ ಕೆಚ್ಚಲಿಗೆ ಬಾಯಿಟ್ಟಿತು, ಬಾಲ ಪಟಪಟನೆ ಅಲುಗುತ್ತಿತ್ತು. ನಮ್ಮ ರೊಪ್ಪದ ಮರಿಗಳೂ ಹೀಗೆಯೇ! ತಾಯಿ ಮಾತ್ರ ನಾಲ್ಕು ಗುಟುಕಿಗೊಮ್ಮೆ ತಲೆ ಎತ್ತಿ ಮೇಲಿನ ಬಂಡೆಗಳನ್ನು ನೋಡುತ್ತಿತ್ತು. ಪೂಮಾ ಎಂಬ ದೊಡ್ಡ ಕಾಡುಬೆಕ್ಕು ಹೊಂಚು ಹಾಕುವುದು ಅಲ್ಲಿಂದಲೇ. ಈ ತಾಯಿಯ ಎಡಗೊಂಬಿನ ತುದಿ ಮುರಿದಿತ್ತು. ಅದನ್ನೂ ಬರೆದುಕೊಂಡೆ.

ಮಧ್ಯಾಹ್ನ ಬಂಡೆಯ ನೆರಳು ಕಾಲ ಬುಡಕ್ಕೆ ಕುಗ್ಗಿತು. ಬಾಟಲಿಯ ನೀರು ಚಹಾದಷ್ಟು ಬಿಸಿ. ಮೂರು ಗಂಟೆಯ ಹೊತ್ತಿಗೆ ಒಂದು ತಾಯಿ, ಒಂದು ಮರಿ ಕಣಿವೆಯಿಂದ ಮೇಲೆ ಬಂದವು. ನನ್ನ ಕೈ ಪೆನ್ಸಿಲ್‌ಗೆ ಹೋಯಿತು. ಒಂಬತ್ತಾಗಲಿ ಎಂದು ಮನಸ್ಸು ಹಂಬಲಿಸಿತು. ಶಿಕ್ಷಕಿ ದೂರದರ್ಶಕವನ್ನು ತಿರುಗಿಸಿ ನನಗೆ ನೋಡಲು ಬಿಟ್ಟರು.

ಎಡಗೊಂಬಿನ ತುದಿ ಮುರಿದಿತ್ತು. ಮತ್ತೆ ಬಂದ ಸಮಯವನ್ನಷ್ಟೇ ಗುರುತು ಮಾಡಿ, ಏಳನ್ನು ಏಳಾಗಿಯೇ ಬಿಟ್ಟೆವು.