ಖಾಯಂ ಆಗುವವರೆಗೆ ಏನು ಕೇಳಬೇಕು?

ಕ್ಯಾಲಿಫೋರ್ನಿಯಾದ ಕಾಲೇಜುಗಳಲ್ಲಿ ಅರೆಕಾಲಿಕವಾಗಿ ಕಲಿಸುವ ನನಗೆ ಗದಗಿನ ಹಳೆಯ ಗೆಳತಿಯರು ಫೋನ್ ಮಾಡಿದರೆ ಮೊದಲು ಬರುವುದು ಪಗಾರದ ಮಾತು. ‘ಅಲ್ಲೆ ಪಾರ್ಟ್ ಟೈಮ್ ಮಂದಿಗೆ ಎಷ್ಟ್ ಕೊಡ್ತಾರ?’ ಅಂತಾರೆ. ನಾನು ಹೇಳಿದ ಡಾಲರನ್ನು ರೂಪಾಯಿ ಮಾಡಿ ‘ಯವ್ವಾ!’ ಅಂತಾರೆ. ಇಲ್ಲಿನ ಮನೆ ಬಾಡಿಗೆ ಹೇಳಿದ ಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಪಗಾರ ಹೋಲಿಸಿ ಏನೂ ಸಿಗುವುದಿಲ್ಲ. ಕಾಯಿಲೆ ಬಿದ್ದರೆ ಏನು, ಸಿಕ್ಕ ಕ್ಲಾಸು ಕೈತಪ್ಪಿದರೆ ಏನು, ಬೇಸಿಗೆ ರಜೆಯಲ್ಲಿ ಮನೆ ಹೇಗೆ ನಡೆಯಬೇಕು? ಇವನ್ನು ಹೋಲಿಸಿ ನೋಡಿದರೆ ನಮ್ಮ ಕಡೆಯವರಿಗೆ ಉಪಯೋಗ ಜಾಸ್ತಿ.

ನಾನು ಗದಗ, ಹುಬ್ಬಳ್ಳಿ ಕಡೆ ಹಲವು ವರ್ಷ ಅತಿಥಿ ಉಪನ್ಯಾಸಕಿಯಾಗಿ ಗಣಿತ ಕಲಿಸಿದವಳು. ಬೆಳಗಿನ ಬಸ್ಸು ಹತ್ತಿ ಅಣ್ಣಿಗೇರಿ ದಾಟಿ ಹುಬ್ಬಳ್ಳಿಗೆ ಹೋಗುವುದು, ಸಂಜೆ ವಾಪಸ್. ತೆಗೆದುಕೊಂಡ ಪಿರಿಯಡ್ ಲೆಕ್ಕ ಬರೆಯಬೇಕು, ವಿಭಾಗದ ಮುಖ್ಯಸ್ಥರ ಸಹಿ ಮಾಡಿಸಬೇಕು, ಆಮೇಲೆ ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಖಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ನಮ್ಮ ಕೆಲಸ ಅವತ್ತಿಗೆ ಮುಗಿಯಿತು. ಮುಂದೆ ಗಂಡನ ಕೆಲಸದ ಜೊತೆ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಹೀಗೆ ಜೊತೆಗೆ ಬರುವ ಗಂಡ ಅಥವಾ ಹೆಂಡತಿಗೆ ಕೊಡುವ ಎಚ್-4 ವೀಸಾದವರಿಗೆ ಕೆಲಸದ ಪರವಾನಗಿ ಸುಲಭಕ್ಕೆ ಬರುವುದಿಲ್ಲ, ಬರುವವರೆಗೆ ಮನೆಯಲ್ಲೇ ಇದ್ದೆ. ಈಗ ಎರಡು ಕಮ್ಯುನಿಟಿ ಕಾಲೇಜುಗಳಲ್ಲಿ ಅರೆಕಾಲಿಕವಾಗಿ ಮತ್ತೆ ಗಣಿತವನ್ನೇ ಕಲಿಸುತ್ತಿದ್ದೇನೆ.

ಕ್ಯಾಲಿಫೋರ್ನಿಯಾದಲ್ಲಿ ಇಂಥ ಸರ್ಕಾರಿ ಕಾಲೇಜು 116 ಇವೆ. ಎರಡು ವರ್ಷದ ಓದು, ಕೆಲಸದ ತರಬೇತಿ, ಇಂಗ್ಲಿಷ್ ಬಾರದವರಿಗೆ ಇಂಗ್ಲಿಷ್, ಎಲ್ಲ ಇಲ್ಲೇ. ಕಲಿಸುವವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ನನ್ನಂಥ ಅರೆಕಾಲಿಕರು. ಕಾಲೇಜುಗಳನ್ನು ನಡೆಸುವುದು ಡಿಸ್ಟ್ರಿಕ್ಟ್ ಅನ್ನುವ ಸ್ಥಳೀಯ ಮಂಡಳಿಗಳು. ಪೂರ್ಣಾವಧಿ ಅಧ್ಯಾಪಕರ ಕೆಲಸದಲ್ಲಿ ಶೇ 67ಕ್ಕಿಂತ ಜಾಸ್ತಿ ಪಾಲನ್ನು ಒಂದು ಮಂಡಳಿ ಒಬ್ಬ ಅರೆಕಾಲಿಕರಿಗೆ ಕೊಡುವಂತಿಲ್ಲ, ಅದು ರಾಜ್ಯದ ಕಾನೂನು. ಅಷ್ಟರಲ್ಲಿ ಸಂಸಾರ ಸಾಗುವುದಿಲ್ಲ. ಹಾಗಾಗಿ ಬೆಳಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ಕೆಲವರಿಗೆ ಸಂಜೆ ಮೂರನೆಯದು. ಉತ್ತರ ಪತ್ರಿಕೆ, ಊಟದ ಡಬ್ಬಿ, ಸ್ವೆಟರ್ ಎಲ್ಲ ಕಾರಿನಲ್ಲೇ. ಹಾವೇರಿ, ಬ್ಯಾಡಗಿ ಅಂತ ಎರಡು ಕಾಲೇಜು ಹಿಡಿದು ಬಸ್ಸಿನಲ್ಲಿ ಓಡಾಡುವ ನಮ್ಮವರ ಪಾಡಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ನನಗೆ ಕಾಣುವುದಿಲ್ಲ.

ವ್ಯತ್ಯಾಸ ಕಾಣುವುದು ಜ್ವರ ಬಂದಾಗ. ಕಲಿಸಿದ ಗಂಟೆಗೆ ತಕ್ಕಂತೆ ಇಲ್ಲಿ ನಮಗೆ ಕಾಯಿಲೆ ರಜೆ ಜಮಾ ಆಗುತ್ತಾ ಹೋಗುತ್ತದೆ. ಆ ರಜೆ ಹಾಕಿದರೆ ಪಗಾರ ಕಟ್ ಆಗುವುದಿಲ್ಲ. ಆರೋಗ್ಯ ವಿಮೆಯ ಕಥೆ ಇನ್ನೂ ದೊಡ್ಡದು. ಅಮೆರಿಕದಲ್ಲಿ ವಿಮೆ ಇಲ್ಲದೆ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಸಾಲ ತಲೆಗೆ ಸುತ್ತಿಕೊಳ್ಳುತ್ತದೆ. ಅರೆಕಾಲಿಕರ ವಿಮೆಗೆಂದು ಇಡೀ ರಾಜ್ಯಕ್ಕೆ ಸರ್ಕಾರ ತೆಗೆದಿಡುತ್ತಿದ್ದದ್ದು ವರ್ಷಕ್ಕೆ 5 ಲಕ್ಷ ಡಾಲರಿಗೂ ಕಡಿಮೆ. ಅಧ್ಯಾಪಕರ ಸಂಘಗಳು ವರ್ಷಾನುಗಟ್ಟಲೆ ಬೆನ್ನು ಹತ್ತಿದ ಮೇಲೆ 2022ರ ಬಜೆಟ್ಟಿನಲ್ಲಿ ಅದಕ್ಕೆ ವರ್ಷಕ್ಕೆ 20 ಕೋಟಿ ಡಾಲರ್ ಸೇರಿತು. ಪೂರ್ಣಾವಧಿಯ ಶೇ 40ರಷ್ಟಾದರೂ ಕೆಲಸ ಇರುವವರು ಇದಕ್ಕೆ ಅರ್ಹರು. ಎರಡು ಮೂರು ಮಂಡಳಿಗಳ ಕೆಲಸ ಕೂಡಿಸಿ ಶೇ 40 ಆದರೂ ನಡೆಯುತ್ತದೆ.

ಇಲ್ಲೊಂದು ಮಾತು ಗಮನಿಸಿ. ಬಜೆಟ್ಟಿನಲ್ಲಿ ದುಡ್ಡು ಇಟ್ಟರು ಅಂತ ನಮ್ಮ ಕೈಗೆ ವಿಮೆ ಕಾರ್ಡು ಬರಲಿಲ್ಲ. ಪ್ರತಿ ಮಂಡಳಿಯ ಸಂಘ ಆಡಳಿತದ ಎದುರು ಕೂತು, ಯಾವ ವಿಮೆ, ಯಾರಿಗೆ, ಮನೆಯವರೂ ಸೇರುತ್ತಾರೋ ಇಲ್ಲವೋ ಅಂತ ಮಾತಾಡಿ ಒಪ್ಪಂದದಲ್ಲಿ ಬರೆಸಬೇಕಿತ್ತು. ಬರೆಸಿದ ಮೇಲೆ ಮಂಡಳಿ ಮೊದಲು ಖರ್ಚು ಮಾಡಿ, ರಾಜ್ಯದಿಂದ ಆ ದುಡ್ಡು ವಾಪಸ್ ಪಡೆಯುತ್ತದೆ. ಸಂಘ ಚುರುಕಾಗಿದ್ದ ಕಡೆ ಬೇಗ ಆಯಿತು, ಉಳಿದ ಕಡೆ ಮಂದಿ ಕಾದರು.

ಬೇಸಿಗೆಯ ವಿಷಯ ಕೇಳಿದರೆ ನಮ್ಮವರಿಗೆ ನಂಬಿಕೆಯೇ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಹೋದವರಿಗೆ ಸರ್ಕಾರ ಕೆಲವು ತಿಂಗಳು ನಿರುದ್ಯೋಗ ಭತ್ಯೆ ಕೊಡುತ್ತದೆ. ಶಾಲೆ ಕಾಲೇಜಿನವರು ರಜೆ ಮುಗಿದ ಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತಾರಲ್ಲ, ಅದಕ್ಕೆ ಸಾಮಾನ್ಯವಾಗಿ ಅವರಿಗೆ ಇದು ಸಿಗುವುದಿಲ್ಲ. ಆದರೆ ಅರೆಕಾಲಿಕರಿಗೆ ಮತ್ತೆ ಕೆಲಸ ಸಿಗುವುದು ವಿದ್ಯಾರ್ಥಿಗಳು ಸೇರಿದರೆ, ದುಡ್ಡು ಇದ್ದರೆ ಮಾತ್ರ. ಅಂಥ ಭರವಸೆ ಭರವಸೆಯೇ ಅಲ್ಲ ಅಂತ ಸರ್ವಿಸಿ ಅನ್ನುವ ಪ್ರಕರಣದಲ್ಲಿ 1989ರಲ್ಲಿ ಇಲ್ಲಿನ ಮೇಲ್ಮನವಿ ಕೋರ್ಟು ತೀರ್ಪು ಕೊಟ್ಟಿತು. ಅವತ್ತಿನಿಂದ ಎರಡು ಸೆಮಿಸ್ಟರ್ ನಡುವಿನ ರಜೆಯಲ್ಲಿ ಅರೆಕಾಲಿಕರು ಭತ್ಯೆ ಕೇಳಬಹುದು.

ಕೇಳುವುದೂ ಒಂದು ವಿದ್ಯೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಸಂಘದವರು ಒಂದು ಸಂಜೆ ಎಲ್ಲರನ್ನೂ ಸೇರಿಸುತ್ತಾರೆ. ಉದ್ದನೆಯ ಮೇಜು, ಎಲ್ಲರ ಮುಂದೆ ಲ್ಯಾಪ್‌ಟಾಪ್. ಇಂಗ್ಲಿಷ್ ಕಲಿಸುವ, ತಲೆ ಪೂರಾ ಬೆಳ್ಳಗಾದ ಹಿರಿಯ ಮೇಡಂ ಒಬ್ಬರು ಅರ್ಜಿಯ ಒಂದೊಂದೇ ಪ್ರಶ್ನೆ ಜೋರಾಗಿ ಓದುತ್ತಾರೆ. ‘ಮತ್ತೆ ಕೆಲಸಕ್ಕೆ ಹೋಗುವ ಭರವಸೆ ಇದೆಯೇ’ ಅನ್ನುವ ಕಡೆ ನಿಲ್ಲಿಸಿ, ಏನು ಬರೆಯಬೇಕು, ಯಾಕೆ ಬರೆಯಬೇಕು ಅಂತ ವಿವರಿಸುತ್ತಾರೆ. ಅರ್ಜಿ ತಿರಸ್ಕಾರವಾದರೆ ಮೇಲ್ಮನವಿಗೂ ಅವರೇ ಜೊತೆಗೆ ಬರುತ್ತಾರೆ. ಹೊಸದಾಗಿ ಸೇರಿದ ಹುಡುಗನೊಬ್ಬ ನಾಚಿಕೊಂಡು ಕೂತಿದ್ದ, ಭಿಕ್ಷೆ ಬೇಡಿದ ಹಾಗಾಗುತ್ತದೆ ಅಂತ. ಆ ಮೇಡಂ ಅವನ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಇದು ನಿನ್ನ ಹಕ್ಕು, ಕೋರ್ಟು ಹೇಳಿದ್ದು ಅಂತ ಅರ್ಜಿ ಮುಗಿಯುವವರೆಗೂ ಎದ್ದೇಳಲಿಲ್ಲ. ಊರಲ್ಲಿ ಬೇಸಿಗೆ ಬಂತೆಂದರೆ ಟ್ಯೂಷನ್ ಹುಡುಕಿಕೊಂಡು ಹೋಗುತ್ತಿದ್ದ ನನ್ನ ಜೊತೆಗಾರರೆಲ್ಲ ಆಗ ನೆನಪಾದರು.

ನನಗೂ ಸಂಘ ಕೈಹಿಡಿದಿದೆ. ಒಂದು ಸಲ ಸೆಮಿಸ್ಟರ್ ಶುರುವಾಗುವ ವಾರದಲ್ಲೇ ನನ್ನ ಬೀಜಗಣಿತದ ಕ್ಲಾಸು ಪೂರ್ಣಾವಧಿ ಅಧ್ಯಾಪಕರೊಬ್ಬರ ಪಾಲಾಯಿತು. ಅವರ ಕ್ಲಾಸಿಗೆ ವಿದ್ಯಾರ್ಥಿಗಳು ಸಾಲದೆ ಅದು ರದ್ದಾಗಿತ್ತು. ನನಗೆ ಬಂದದ್ದು ಎರಡು ಸಾಲಿನ ಇಮೇಲ್. ಪಾಠದ ತಯಾರಿ ಪೂರ್ತಿ ಆಗಿತ್ತು, ಇನ್ನೊಂದು ಕಾಲೇಜಿನ ಕ್ಲಾಸನ್ನು ಇದಕ್ಕಾಗಿ ಬಿಟ್ಟಿದ್ದೆ. ಸಂಘದ ಪ್ರತಿನಿಧಿ ಒಪ್ಪಂದದ ಪುಸ್ತಕ ತೆರೆದು ಎರಡು ಸಾಲು ತೋರಿಸಿದರು. ಕ್ಲಾಸು ಇಷ್ಟು ತಡವಾಗಿ ತಪ್ಪಿದರೆ ತಯಾರಿಗೆ ಇಂತಿಷ್ಟು ಗಂಟೆಯ ಪಗಾರ ಕೊಡಬೇಕು. ಮುಂದಿನ ಸೆಮಿಸ್ಟರಿನ ಸರದಿಯಲ್ಲಿ ನನ್ನ ಜಾಗ ಹಾಗೇ ಉಳಿಯಬೇಕು. ಎರಡೂ ಆದವು. ಕ್ಲಾಸು ವಾಪಸ್ ಬರಲಿಲ್ಲ, ನಿಜ. ಆದರೆ ಯಾರ ಮುಂದೆಯೂ ಕೈಮುಗಿದು ನಿಲ್ಲಬೇಕಾಗಲಿಲ್ಲ. ದೂರಿನ ವಿಚಾರಣೆಗೆಂದು ಡೀನ್ ಕರೆದರೆ ಸಂಘದವರೊಬ್ಬರನ್ನು ಜೊತೆಗೆ ಕರೆದೊಯ್ಯುವ ಹಕ್ಕೂ ಇಲ್ಲಿ ಇದೆ. ಪ್ರಿನ್ಸಿಪಾಲರ ಕೋಣೆಯ ಹೊರಗೆ ಒಬ್ಬರೇ ಬೆವರುತ್ತಾ ಕೂತವರಿಗೆ ಅದರ ಬೆಲೆ ಗೊತ್ತು.

ಹಾಗಂತ ಇಲ್ಲಿ ಎಲ್ಲ ಸುಖ ಅಂದುಕೊಳ್ಳಬೇಡಿ. ಅದೇ ಕ್ಲಾಸು, ಅದೇ ಗಣಿತ, ಆದರೆ ಪೂರ್ಣಾವಧಿಯವರ ಪಗಾರಕ್ಕೂ ನಮ್ಮದಕ್ಕೂ ಅಜಗಜಾಂತರ. ವರ್ಷಗಟ್ಟಲೆ ಕಲಿಸಿದವರಿಗೂ ಪ್ರತಿ ಸೆಮಿಸ್ಟರಿಗೆ ಹೊಸ ಪತ್ರವೇ. ನನ್ನ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳ ಜೊತೆ ಕೂತು ಅನುಮಾನ ಬಿಡಿಸುವ ಹೊತ್ತಿಗೆ ಪಗಾರ ಇದೆ, ಇನ್ನೊಂದರಲ್ಲಿ ಇಲ್ಲ. ಯಾಕೆಂದರೆ ಅಲ್ಲಿನ ಒಪ್ಪಂದದಲ್ಲಿ ಅದು ಇನ್ನೂ ಸೇರಿಲ್ಲ.

ಕಳೆದ ಸಲ ಊರಿಗೆ ಬಂದಾಗ ಧಾರವಾಡದ ಸಪ್ತಾಪುರದಲ್ಲಿ ಗೆಳತಿಯ ಮನೆಯಲ್ಲಿ ನಾಲ್ಕಾರು ಮಂದಿ ಅತಿಥಿ ಉಪನ್ಯಾಸಕರು ಸೇರಿದ್ದೆವು. ಗಿರ್ಮಿಟ್, ಚಹಾ, ಮತ್ತೆ ಇದೇ ಮಾತು. ಕ್ಯಾಲಿಫೋರ್ನಿಯಾದ ಸಂಗತಿ ಎಲ್ಲ ಹೇಳಿದೆ. ಹಿರಿಯರೊಬ್ಬರು, 2023ರ ಕೊನೆಯಲ್ಲಿ ಖಾಯಮಾತಿಗಾಗಿ ತರಗತಿ ಬಿಟ್ಟು ಧರಣಿ ಕೂತವರು, ಒಪ್ಪಲಿಲ್ಲ. ‘ಸಣ್ಣ ಸಣ್ಣದ್ದಕ್ಕ ಹೂಂ ಅಂದ್ವಿ ಅಂದ್ರ ದೊಡ್ಡದು ಹೋತ್ರೀ ಮೇಡಂ. ವಿಮೆ ಕೊಟ್ಟೇವಿ, ಇಡಿಗಂಟು ಕೊಟ್ಟೇವಿ, ಇನ್ನೇನ್ ಬೇಕು ಅಂತಾರ. ಖಾಯಂ ಮಾಡೂದು ಮರ್ತ ಬಿಡ್ತಾರ.’

ಅವರ ಭಯದಲ್ಲಿ ಹುರುಳಿದೆ. 2022ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅತಿಥಿ ಉಪನ್ಯಾಸಕರ ತಿಂಗಳ ಗೌರವಧನವನ್ನು 11,000 ಮತ್ತು 13,000 ರೂಪಾಯಿಯಿಂದ 26,000ದಿಂದ 32,000ದವರೆಗೆ ಏರಿಸಿತು. ಜೊತೆಗೇ ವಾರದ ಕಾರ್ಯಭಾರ 15 ಗಂಟೆ ಆಯಿತು. ಒಬ್ಬರಿಗೆ ಜಾಸ್ತಿ ಗಂಟೆ ಕೊಟ್ಟಾಗ ಇನ್ನೊಬ್ಬರಿಗೆ ಜಾಗವೇ ಇಲ್ಲದಾಯಿತು. ಬಹಳ ಮಂದಿ ಕೆಲಸ ಕಳೆದುಕೊಂಡರು. ಧರಣಿಯ ಮೇಲೆ ಮತ್ತೆ 5,000ದಿಂದ 8,000 ರೂಪಾಯಿ ಹೆಚ್ಚಳ, 5 ಲಕ್ಷದ ಆರೋಗ್ಯ ವಿಮೆ, 60 ವರ್ಷಕ್ಕೆ 5 ಲಕ್ಷದ ಇಡಿಗಂಟು ಘೋಷಣೆಯಾದವು. ಖಾಯಮಾತಿ ಮಾತ್ರ ಆಗಲಿಲ್ಲ. ಅದಕ್ಕೆ ಅಡ್ಡ ನಿಂತಿರುವುದು ಉಮಾದೇವಿ ಪ್ರಕರಣದ ತೀರ್ಪು. ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ ಅದು. ನೇಮಕಾತಿ ನಿಯಮ ಪಾಲಿಸದೆ ತಾತ್ಕಾಲಿಕವಾಗಿ ಸೇರಿದವರು ಖಾಯಮಾತಿಯನ್ನು ಹಕ್ಕು ಅಂತ ಕೇಳುವಂತಿಲ್ಲ ಅಂತ 2006ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು.

ನಾನು ಆ ಸರ್‌ಗೆ ಹೇಳಿದ್ದು ಇಷ್ಟೇ. ಖಾಯಮಾತಿಯ ಹೋರಾಟ ಬಿಡಬೇಡಿ. ಆದರೆ ಅದು ಆಗುವವರೆಗೆ ಜ್ವರ ಬರುತ್ತದೆ, ಹೆರಿಗೆ ಆಗುತ್ತದೆ, ಅಪ್ಪ ಅಮ್ಮ ಆಸ್ಪತ್ರೆ ಸೇರುತ್ತಾರೆ. ನಮ್ಮ ಜೊತೆ ಕಲಿಸುತ್ತಿದ್ದ ಒಬ್ಬ ಗೆಳತಿ ಹೆರಿಗೆಗೆ ಅಂತ ಹೋದವಳು ವಾಪಸ್ ಬಂದಾಗ ಅವಳ ಪಿರಿಯಡ್‌ಗಳೆಲ್ಲ ಬೇರೆಯವರ ಹೆಸರಿನಲ್ಲಿದ್ದವು. ತೊಟ್ಟಿಲ ಕೂಸನ್ನು ಅವ್ವನ ಹತ್ತಿರ ಬಿಟ್ಟು ಬಂದಿದ್ದಳು. ಸ್ಟಾಫ್‌ರೂಮಿನಲ್ಲಿ ಯಾರೂ ಏನೂ ಮಾತಾಡಲಿಲ್ಲ, ನಾನೂ ಸೇರಿ. ಮಾತಾಡಿದರೆ ಮುಂದಿನ ಸಲ ನಮ್ಮ ಹೆಸರೂ ಇರುವುದಿಲ್ಲ ಅನ್ನುವ ಹೆದರಿಕೆ. ಅವಳ ಪರವಾಗಿ ಕಾನೂನು ಇರಲಿಲ್ಲವೇ? ಇತ್ತು. 1961ರ ಹೆರಿಗೆ ಸೌಲಭ್ಯ ಕಾಯ್ದೆ, 2017ರ ತಿದ್ದುಪಡಿಯ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಪಗಾರ ಸಹಿತ ರಜೆ. ಗುತ್ತಿಗೆಯ ಅವಧಿ ಮುಗಿದರೂ ಈ ಸೌಲಭ್ಯ ನಿಲ್ಲುವುದಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ. ಆದರೆ ಆ ಕಾಯ್ದೆ ಹಿಡಿದು ಅವಳ ಜೊತೆ ಒಳಗೆ ಹೋಗುವವರು ಯಾರೂ ಇರಲಿಲ್ಲ. ಇಲ್ಲಿನ ಸಂಘ ಮಾಡುವ ಮುಖ್ಯ ಕೆಲಸ ಅದೇ, ಜೊತೆಗೆ ಹೋಗುವುದು.

ಧರಣಿ ಕೂರುವುದರಲ್ಲಿ ನಮ್ಮವರು ಯಾರಿಗೂ ಕಡಿಮೆ ಇಲ್ಲ. ಧರಣಿ ಮುಗಿದ ಮೇಲೆ ವರ್ಷವಿಡೀ ನಡೆಯುವ ಸಂಘ ಬೇಕು. ವಂತಿಗೆ ಕಟ್ಟುವವರು, ಒಂದೊಂದು ಕಾಲೇಜಿಗೆ ಒಬ್ಬ ಪ್ರತಿನಿಧಿ, ಆದೇಶಗಳ ಪ್ರತಿ ಇಟ್ಟುಕೊಳ್ಳುವವರು. ಗದಗ ತಾಲ್ಲೂಕಿನವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. ದೇಶದ ಮೊದಲ ಸಹಕಾರ ಸಂಘ ಅಂತ ಹೆಸರಾದದ್ದು ನಮ್ಮ ಕಣಗಿನಹಾಳದ್ದು. 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಸೇರಿಸಿ ಕಟ್ಟಿದ್ದು. ಅಮೆರಿಕದಲ್ಲೂ ವಂತಿಗೆ ಸುಲಭದ ವಿಷಯವಲ್ಲ. ಸದಸ್ಯರಾಗದ ಸರ್ಕಾರಿ ನೌಕರರಿಂದ ಸಂಘ ಶುಲ್ಕ ತೆಗೆದುಕೊಳ್ಳುವಂತಿಲ್ಲ ಅಂತ 2018ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟು ಜಾನಸ್ ಪ್ರಕರಣದಲ್ಲಿ ಹೇಳಿತು. ದುಡ್ಡು ಕೊಡದವರ ಪರವಾಗಿಯೂ ಸಂಘ ನಿಲ್ಲಲೇಬೇಕು. ಅದಕ್ಕೇ ಪ್ರತಿನಿಧಿಗಳು ಪ್ರತಿ ಸೆಮಿಸ್ಟರ್ ಹೊಸಬರ ಹತ್ತಿರ ಹೋಗಿ, ಕಾಫಿ ಕುಡಿಸಿ, ಸದಸ್ಯತ್ವದ ಅರ್ಜಿ ಬರೆಸಿಕೊಳ್ಳುತ್ತಾರೆ. ಬೇಸರದ ಕೆಲಸ, ಆದರೆ ಯಾರೂ ಬಿಡುವುದಿಲ್ಲ.

ನನ್ನ ಎರಡೂ ಕಾಲೇಜುಗಳ ಒಪ್ಪಂದ ಇಂಟರ್ನೆಟ್ಟಿನಲ್ಲೇ ಇವೆ, ಯಾರು ಬೇಕಾದರೂ ಓದಬಹುದು. ಕಾಯಿಲೆ ರಜೆ, ತಡವಾಗಿ ಕ್ಲಾಸು ತಪ್ಪಿದಾಗಿನ ಪಗಾರ, ಮರುನೇಮಕದ ಸರದಿ, ಇಷ್ಟನ್ನು ಕನ್ನಡದಲ್ಲಿ ಬರೆದು ಸಪ್ತಾಪುರದ ಗೆಳತಿಗೆ ಕಳಿಸಿದ್ದೇನೆ. ಮುಂದಿನ ಮನವಿಯಲ್ಲಿ ಹೆರಿಗೆ ರಜೆಯನ್ನೂ, ಕೆಲಸದಿಂದ ಬಿಡಿಸುವ ಮೊದಲು ಲಿಖಿತ ನೋಟಿಸ್ ಕೊಡಬೇಕು ಅನ್ನುವುದನ್ನೂ ಸೇರಿಸಲು ಆ ಹಿರಿಯ ಸರ್ ಒಪ್ಪಿದ್ದಾರಂತೆ. ಆದರೆ ಖಾಯಮಾತಿಯ ಬೇಡಿಕೆ ಮೊದಲ ಸಾಲಿನಲ್ಲೇ ಇರಬೇಕು ಅಂದಿದ್ದಾರೆ. ಅದು ಅಲ್ಲೇ ಇರಲಿ.